ಎರಡು ಹಿಮದೂರುಗಳ ನಡುವೆ

ಹುಟ್ಟೂರು ಬಿಟ್ಟು ಬಂದು ನೆಲೆಸಿದವರಿಗೆ ಒಂದು ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. ಅದು ದಾರಿಯನ್ನು ಅಳೆಯುವ ಚಟ. ನಮ್ಮ ಸಂಘದ ವಾಚನಾಲಯದಲ್ಲಿ ಸಂಜೆಯ ಹೊತ್ತು ನಾಲ್ಕು ಮಂದಿ ಕೂಡಿದರೆ ಸಾಕು, ಮಾತು ಎಲ್ಲಿಂದಲೇ ಹೊರಡಲಿ, ಕಡೆಗೆ ರೈಲಿನ ವೇಳಾಪಟ್ಟಿಗೆ ಬಂದು ನಿಲ್ಲುತ್ತದೆ. ಹುಬ್ಬಳ್ಳಿಗೆ ಎಷ್ಟು ತಾಸು, ಮಂಗಳೂರಿಗೆ ಎಷ್ಟು, ಹಬ್ಬದ ಮುಂಚೆ ಟಿಕೀಟು ಸಿಕ್ಕೀತೆ, ಬಸ್ಸೇ ಮೇಲೇ, ಇತ್ಯಾದಿ. ಇದರಲ್ಲಿ ಹಿರಿಯರು ಕಿರಿಯರೆಂಬ ಭೇದವಿಲ್ಲ.

ಹೀಗೊಂದು ಭಾನುವಾರ ಎಂಟನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬ ಗೋಡೆಗೆ ತೂಗುಹಾಕಿದ ಪ್ರಪಂಚದ ನಕ್ಷೆಯ ಮುಂದೆ ಕುರ್ಚಿ ಹಾಕಿಕೊಂಡು ನಿಂತಿದ್ದ. ಕೈಯಲ್ಲಿ ಒಂದು ತುಂಡು ದಾರ. ನಕ್ಷೆಯ ನೆತ್ತಿಯಲ್ಲಿ, ಕೆನಡಾ ದೇಶದ ತುತ್ತತುದಿಯ ದ್ವೀಪಗಳಲ್ಲಿ, ಎರಡು ಸಣ್ಣ ಚುಕ್ಕೆಗಳನ್ನು ಹುಡುಕಿ ದಾರದಿಂದ ಅಳೆದಿದ್ದ. ಶಾಲೆಯಲ್ಲಿ ಉತ್ತರ ಧ್ರುವದ ಸಮೀಪದ ಊರುಗಳನ್ನು ಕುರಿತು ಬರೆದು ತರಲು ಹೇಳಿದ್ದರಂತೆ.

“ಕಾಕಾ, ದಾರ ಇಟ್ಟು ನೋಡಿದರೆ ಈ ಎರಡು ಊರಿನ ನಡುವೆ ಸಾವಿರದ ಐನೂರು ಕಿಲೋಮೀಟರ್ ಬರ್ತದೆ. ಅಪ್ಪನ ಫೋನಿನಲ್ಲಿ ನೋಡಿದರೆ ಮುನ್ನೂರ ಎಂಬತ್ತೈದೂ ಇಲ್ಲ. ಸುಳ್ಳು ಹೇಳೋದು ನಕ್ಷೆಯೋ, ಫೋನೋ?”

ನಾವು ಕೂಡಲೇ ಉತ್ತರ ಕೊಡಲಿಲ್ಲ. ಕೊಡಲು ಬರಲಿಲ್ಲವೆಂದರೂ ತಪ್ಪಿಲ್ಲ. ಮುಂದಿನ ವಾರ ಹೇಳುತ್ತೇವೆಂದು ಮಾತು ಕೊಟ್ಟು, ಪುಸ್ತಕಗಳನ್ನು ತಿರುವಿ ಹಾಕಿದೆವು. ದೂರದ ಲೆಕ್ಕ ಅರ್ಧ ತಾಸಿನಲ್ಲಿ ಬಗೆಹರಿಯಿತು. ಆದರೆ ಆ ಎರಡು ಚುಕ್ಕೆಗಳ ಕಥೆ ನಮ್ಮನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಎರಡು ಊರು, ಎರಡು ಹೆಸರು

ಒಂದು ಊರಿನ ಹೆಸರು ರೆಸೊಲ್ಯೂಟ್. ಅದು ಕಾರ್ನ್‌ವಾಲಿಸ್ ದ್ವೀಪದಲ್ಲಿದೆ. ಉತ್ತರದ ಹಿಮಸಮುದ್ರದಲ್ಲಿ ಕಾಣೆಯಾದ ಸರ್ ಜಾನ್ ಫ್ರಾಂಕ್ಲಿನ್ ಎಂಬ ನಾವಿಕನನ್ನು ಹುಡುಕಲು ಹೋದ ಆಂಗ್ಲ ಹಡಗೊಂದರ ಹೆಸರೇ ಊರಿಗೆ ಬಂದಿತು. ಇನ್ನೊಂದು ಊರು ಗ್ರೀಸ್ ಫಿಯರ್ಡ್. ಇದು ಎಲ್ಸ್‌ಮಿಯರ್ ದ್ವೀಪದ ದಕ್ಷಿಣದ ಅಂಚಿನಲ್ಲಿ, ಕಡಿದಾದ ಬೆಟ್ಟಗಳಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡಂತೆ ಕುಳಿತಿದೆ. 1898ರಿಂದ 1902ರವರೆಗೆ ಅಲ್ಲೆಲ್ಲ ಸಂಚರಿಸಿದ ನಾರ್ವೆ ದೇಶದ ಆಟೋ ಸ್ವೆರ್ಡ್ರಪ್ ಇಟ್ಟ ಹೆಸರು ಅದು. ಅವನ ನುಡಿಯಲ್ಲಿ ‘ಗ್ರೀಸ್’ ಎಂದರೆ ಹಂದಿ. ಅಲ್ಲಿನ ವಾಲ್ರಸ್ ಎಂಬ ಕಡಲಪ್ರಾಣಿಗಳ ಗುಟುರು ಅವನ ಕಿವಿಗೆ ಹಂದಿಯ ಗುಟುರಿನಂತೆ ಕೇಳಿಸಿತಂತೆ.

ಅಲ್ಲಿ ಬಾಳುವ ಜನ ತಮ್ಮ ಊರುಗಳನ್ನು ಕರೆಯುವುದೇ ಬೇರೆ. ನಾವು ಚಿಕ್ಕಂದಿನ ಪಾಠದಲ್ಲಿ ಎಸ್ಕಿಮೋ ಎಂದು ಓದಿದ ಈ ಜನ ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ ‘ಜನ’ ಎಂದಷ್ಟೇ ಅರ್ಥ. ರೆಸೊಲ್ಯೂಟ್ ಅವರಿಗೆ ಕೌಸುಯಿತ್ತೂಕ್, ಎಂದರೆ ಬೆಳಕು ಹರಿಯದ ತಾಣ. ಗ್ರೀಸ್ ಫಿಯರ್ಡ್ ಅವರಿಗೆ ಔಜುಯಿತ್ತೂಕ್, ಎಂದರೆ ಎಂದೂ ಕರಗದ ತಾಣ. ಹೆಸರಿಟ್ಟವರು ಆ ನೆಲದಲ್ಲಿಯೇ ಹುಟ್ಟಿ ಬೆಳೆದವರಾಗಿದ್ದರೆ ಇಂಥ ಹೆಸರು ಇಡುತ್ತಿದ್ದರೇ ಎಂಬ ಸಂದೇಹ ನಮಗೆ ಆಗಲೇ ಬಂದಿತು. ಅದಕ್ಕೆ ಕಾರಣವೂ ಮುಂದೆ ದೊರೆಯಿತು.

2021ರ ಜನಗಣತಿಯಲ್ಲಿ ರೆಸೊಲ್ಯೂಟಿನಲ್ಲಿ 183 ಮಂದಿ, ಗ್ರೀಸ್ ಫಿಯರ್ಡಿನಲ್ಲಿ 144 ಮಂದಿ ಇದ್ದರು. ಎರಡೂ ಊರು ಕೂಡಿದರೆ 327. ನಮ್ಮ ಸಂಘದ ರಾಜ್ಯೋತ್ಸವದ ಊಟಕ್ಕೆ ಇದಕ್ಕಿಂತ ಹೆಚ್ಚು ಎಲೆ ಬೀಳುತ್ತದೆ! ಇವೆರಡೂ ಸೇರಿರುವ ನುನಾವುಟ್ ಪ್ರಾಂತವು 1999ರ ಏಪ್ರಿಲ್ 1ರಂದು ಹುಟ್ಟಿತು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಸುಮಾರು ಹತ್ತು ಪಟ್ಟು. ಅಷ್ಟು ದೊಡ್ಡ ನೆಲದಲ್ಲಿ ಇರುವುದು 25 ಊರುಗಳು ಮಾತ್ರ. ಒಂದು ಊರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ರೈಲಿನ ಮಾತೇ ಇಲ್ಲ.

ಕಿತ್ತಳೆ ಹಣ್ಣಿನ ಲೆಕ್ಕ

ಈಗ ಹುಡುಗನ ಪ್ರಶ್ನೆಗೆ ಬರೋಣ. ಒಂದು ಕಿತ್ತಳೆ ಹಣ್ಣನ್ನು ಸುಲಿದು ನೋಡಿರಿ. ತೊಳೆಗಳು ನಡುವಿನಲ್ಲಿ ದಪ್ಪಗಿವೆ. ತೊಟ್ಟಿನ ಕಡೆಗೆ ಹೋದಂತೆ ಕಿರಿದಾಗುತ್ತ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಭೂಮಿಯ ರೇಖಾಂಶಗಳೂ ಹಾಗೆಯೇ. ಭೂಮಧ್ಯರೇಖೆಯ ಬಳಿ ಒಂದು ಡಿಗ್ರಿ ರೇಖಾಂಶವೆಂದರೆ 111 ಕಿಲೋಮೀಟರ್. ಬೆಂಗಳೂರಿನ ಅಕ್ಷಾಂಶದಲ್ಲಿ ಅದು 108. ನಮ್ಮ ಎರಡು ಹಿಮದೂರುಗಳಿರುವ ಎತ್ತರಕ್ಕೆ ಹೋಗುವಷ್ಟರಲ್ಲಿ ಅದು ಬರೀ 28ಕ್ಕೆ ಇಳಿದಿರುತ್ತದೆ.

ಗೋಡೆಯ ನಕ್ಷೆ ಮಾಡುವವನ ಪಾಡನ್ನು ನೆನೆಯಬೇಕು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಬೇಕು. ಕೂಡಿಕೊಳ್ಳುವ ರೇಖೆಗಳನ್ನು ಅವನು ಕೂಡಿಸದೆ ನೆಟ್ಟಗೆ ಎಳೆಯುತ್ತಾನೆ. ಇಲ್ಲದ ಅಗಲವನ್ನು ಉತ್ತರಕ್ಕೆ ಹೋದಂತೆ ಹೆಚ್ಚು ಹೆಚ್ಚಾಗಿ ಕೊಡುತ್ತಾನೆ. ಆಕಾರ ಕೆಡಬಾರದೆಂದು ಉದ್ದವನ್ನೂ ಅಷ್ಟೇ ಹಿಗ್ಗಿಸುತ್ತಾನೆ. 1569ರಲ್ಲಿ ಮರ್ಕೇಟರ್ ಎಂಬಾತ ನಾವಿಕರ ಅನುಕೂಲಕ್ಕಾಗಿ ತಂದ ಪದ್ಧತಿ ಇದು. ನಮ್ಮ ಎರಡು ಊರುಗಳ ಎತ್ತರದಲ್ಲಿ ಈ ಹಿಗ್ಗು ನಾಲ್ಕು ಪಟ್ಟು. ಹುಡುಗನ ದಾರ ತೋರಿಸಿದ ಸಾವಿರದ ಐನೂರನ್ನು ನಾಲ್ಕರಿಂದ ಭಾಗಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಯಾಯಿತಲ್ಲವೆ?

ಬೇಕಾದರೆ ಮನೆಯಲ್ಲಿಯೇ ಮಾಡಿ ನೋಡಬಹುದು. ರೆಸೊಲ್ಯೂಟಿನ ವಿಮಾನ ನಿಲ್ದಾಣವಿರುವುದು 74 ಡಿಗ್ರಿ 43 ಮಿನಿಟು ಉತ್ತರ ಅಕ್ಷಾಂಶ, 94 ಡಿಗ್ರಿ 58 ಮಿನಿಟು ಪಶ್ಚಿಮ ರೇಖಾಂಶದಲ್ಲಿ. ಗ್ರೀಸ್ ಫಿಯರ್ಡಿನದು 76 ಡಿಗ್ರಿ 25 ಮಿನಿಟು, 82 ಡಿಗ್ರಿ 54 ಮಿನಿಟು. ಅಕ್ಷಾಂಶದ ಅಂತರ 102 ಮಿನಿಟು. ಒಂದು ಮಿನಿಟಿಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್, ಒಟ್ಟು 189. ರೇಖಾಂಶದ ಅಂತರ 12 ಡಿಗ್ರಿಗಿಂತ ತುಸು ಹೆಚ್ಚು. ಡಿಗ್ರಿಗೆ 28ರ ಹತ್ತಿರ ಹಿಡಿದರೆ 335. ಇನ್ನು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವನ್ನು ನೆನೆದು ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 385 ಬರುತ್ತದೆ. ಗೋಳದ ಬಾಗನ್ನೂ ಲೆಕ್ಕಕ್ಕೆ ಹಿಡಿದರೆ ಒಂದೆರಡು ಕಿಲೋಮೀಟರ್ ಕಡಿಮೆಯಾಗುತ್ತದೆ, ಅಷ್ಟೆ. ಅದೇ 12 ಡಿಗ್ರಿಯನ್ನು ಬೆಂಗಳೂರಿನಿಂದ ಪೂರ್ವಕ್ಕೆ ಎಣಿಸುತ್ತ ಹೊರಟರೆ 1,300 ಕಿಲೋಮೀಟರ್ ಸಾಗಿ ಬಂಗಾಳ ಕೊಲ್ಲಿಯ ನಡುನೀರಿನಲ್ಲಿ ಇರುತ್ತೇವೆ.

ಅಂತೂ ಫೋನು ನಿಜ ಹೇಳಿತು. ನಕ್ಷೆಯೂ ಸುಳ್ಳು ಹೇಳಲಿಲ್ಲ; ಅದನ್ನು ಕೇಳುವ ರೀತಿ ನಮಗೆ ತಿಳಿದಿರಲಿಲ್ಲ.

ದಾರಿಯ ಪಾಡು

ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವಿನ ನೇರ ಅಂತರವೂ ಹೆಚ್ಚುಕಡಿಮೆ ಇಷ್ಟೇ, ಸುಮಾರು 375 ಕಿಲೋಮೀಟರ್. ರಾತ್ರಿ ಊಟ ಮುಗಿಸಿ ರೈಲು ಹತ್ತಿದರೆ ಬೆಳಗಿನ ಕಾಫಿಗೆ ಮನೆ. ಒಂದು ತಪ್ಪಿದರೆ ಇನ್ನೊಂದಿದೆ. ರೈಲು ತಪ್ಪಿದರೆ ಬಸ್ಸಿದೆ. ರೆಸೊಲ್ಯೂಟಿನಿಂದ ಗ್ರೀಸ್ ಫಿಯರ್ಡಿಗೆ ಹೋಗುವವನಿಗೆ ಇಂಥ ಭಾಗ್ಯವಿಲ್ಲ.

ಗ್ರೀಸ್ ಫಿಯರ್ಡಿನ ಓಡುದಾರಿ ಜಲ್ಲಿಕಲ್ಲಿನದು, ಬಲು ಗಿಡ್ಡ, ಸುತ್ತ ಬೆಟ್ಟಗಳು. ದೊಡ್ಡ ವಿಮಾನ ಅಲ್ಲಿ ಇಳಿಯಲಾರದು. ಇಂಥ ಜಾಗಗಳಿಗಾಗಿಯೇ ಕೆನಡಾದಲ್ಲಿ ತಯಾರಾದ ‘ಟ್ವಿನ್ ಆಟರ್’ ಎಂಬ ಎರಡು ಎಂಜಿನಿನ ಪುಟ್ಟ ವಿಮಾನವಿದೆ. ಮೊದಲು ಹಾರಿದ್ದು 1965ರಲ್ಲಿ. ಹೆಚ್ಚೆಂದರೆ 19 ಮಂದಿ ಕೂಡಬಹುದು. ಸಾಮಾನು ಹೆಚ್ಚಾದರೆ ಅಷ್ಟೂ ಇಲ್ಲ. ಚಕ್ರದ ಬದಲು ಹಿಮದ ಮೇಲೆ ಜಾರುವ ಪಟ್ಟಿಗಳನ್ನೂ ಅದಕ್ಕೆ ಕಟ್ಟಬಹುದು. ಹವೆ ಒಳ್ಳೆಯದಿದ್ದರೆ ಈ 385 ಕಿಲೋಮೀಟರಿಗೆ ಸುಮಾರು ಒಂದೂವರೆ ತಾಸು ಸಾಕು. ಹವೆ ಕೆಟ್ಟರೆ ಎಷ್ಟು ದಿನವೋ ಹೇಳುವವರಿಲ್ಲ.

ಆ ಒಂದೂವರೆ ತಾಸಿನಲ್ಲಿ ಕೆಳಗೆ ಏನಿರುತ್ತದೆ? ಮೊದಲು ವೆಲ್ಲಿಂಗ್ಟನ್ ಕಾಲುವೆಯೆಂಬ ಸಮುದ್ರದ ತೋಳು. ಆಮೇಲೆ ಡೆವನ್ ದ್ವೀಪ. ಕೇರಳಕ್ಕಿಂತ ದೊಡ್ಡದಾದ ಈ ದ್ವೀಪದಲ್ಲಿ ಒಬ್ಬ ನರಪಿಳ್ಳೆಯೂ ವಾಸವಿಲ್ಲ. ಜನವಸತಿಯಿಲ್ಲದ ದ್ವೀಪಗಳಲ್ಲಿ ಲೋಕಕ್ಕೆಲ್ಲ ದೊಡ್ಡದು ಇದೇ. ಆಕಾಶದಿಂದ ಬಿದ್ದ ಬಂಡೆಯೊಂದು ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ತೋಡಿದ ಹಾಟನ್ ಕುಳಿಯೂ ಈ ದಾರಿಗೆ ಹತ್ತಿರ. ಮಂಗಳ ಗ್ರಹವನ್ನು ಹೋಲುವ ನೆಲ ಭೂಮಿಯ ಮೇಲೆ ಬೇಕೆಂದಾಗ ವಿಜ್ಞಾನಿಗಳು ಆರಿಸಿಕೊಂಡದ್ದು ಅದನ್ನು. ಅದನ್ನು ದಾಟಿದ ಮೇಲೆ ಜೋನ್ಸ್ ಸೌಂಡ್ ಎಂಬ ಹೆಪ್ಪುಗಟ್ಟುವ ಕಡಲು, ಅದರಾಚೆ ಗ್ರೀಸ್ ಫಿಯರ್ಡಿನ ಬೆಟ್ಟಗಳು.

ವಿಮಾನ ನಡೆಸುವವನಿಗೆ ಇನ್ನೊಂದು ಪೇಚು. ದಿಕ್ಸೂಚಿಯ ಮುಳ್ಳು ಭೂಮಿಯ ಕಾಂತಧ್ರುವವನ್ನು ನಂಬಿಕೊಂಡಿದೆ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬಾತ ಕಂಡುಹಿಡಿದ ಈ ಧ್ರುವ ಒಂದೆಡೆ ನಿಲ್ಲುವ ಪ್ರಾಣಿಯಲ್ಲ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಇದೇ ದ್ವೀಪಗಳ ನಡುವೆ ಹಾದು ಈಗ ಸೈಬೀರಿಯಾದ ಕಡೆಗೆ ನಡೆದಿದೆ. ಧ್ರುವದ ಸಮೀಪ ಮುಳ್ಳಿಗೆ ದಿಕ್ಕು ತೋರಿಸುವ ಬಲವಿಲ್ಲ. ಆದುದರಿಂದ ಕೆನಡಾದ ಈ ಭಾಗದಲ್ಲಿ ಓಡುದಾರಿಗಳ ದಿಕ್ಕನ್ನು ಮುಳ್ಳಿನ ಉತ್ತರದಿಂದ ಎಣಿಸದೆ ನಿಜವಾದ ಉತ್ತರದಿಂದಲೇ ಎಣಿಸುವ ನಿಯಮವಿದೆ. ಅಪಾಯ ಬರೀ ಮಾತಿನದಲ್ಲ. 2011ರ ಆಗಸ್ಟ್ 20ರಂದು ಮಂಜು ಮೋಡದ ನಡುವೆ ರೆಸೊಲ್ಯೂಟಿನಲ್ಲಿ ಇಳಿಯಲು ಬಂದ ಜೆಟ್ ವಿಮಾನವೊಂದು ನಿಲ್ದಾಣದ ಬಳಿಯ ಗುಡ್ಡಕ್ಕೆ ಬಡಿದು, ಅದರಲ್ಲಿದ್ದ 15 ಮಂದಿಯಲ್ಲಿ 12 ಮಂದಿ ತೀರಿಕೊಂಡರು.

ಆದರೂ ವಿಮಾನವನ್ನು ಬಿಟ್ಟರೆ ಗತಿಯಿಲ್ಲ. ಸಾಮಾನಿನ ಹಡಗು ಬೇಸಗೆಯ ಕೊನೆಯಲ್ಲಿ, ಹಿಮ ಬಿರಿದು ದಾರಿ ಕೊಟ್ಟಾಗ, ವರ್ಷಕ್ಕೊಮ್ಮೆ ಬರುತ್ತದೆ. ಉಳಿದಂತೆ ಅಂಚೆ, ತರಕಾರಿ, ಹಾಲು, ಔಷಧಿ ಎಲ್ಲಕ್ಕೂ ಈ ಪುಟ್ಟ ವಿಮಾನವೇ. ಊರಿನಲ್ಲಿ ದಾದಿಯರ ಆರೋಗ್ಯ ಕೇಂದ್ರವಿದೆ; ಆಸ್ಪತ್ರೆಯಿರುವುದು ರಾಜಧಾನಿ ಇಕಾಲುಯಿಟ್‌ನಲ್ಲಿ, ರೆಸೊಲ್ಯೂಟಿನಿಂದಲೇ ಸುಮಾರು 1,570 ಕಿಲೋಮೀಟರ್ ಆಚೆ. ಬಸುರಿಯಾದ ಹೆಣ್ಣುಮಗಳು ದಿನ ತುಂಬುವ ಕೆಲವು ವಾರ ಮೊದಲೇ ವಿಮಾನ ಹತ್ತಿ ದೂರದ ಊರಿಗೆ ಹೋಗಿ ಹೆರಿಗೆಯನ್ನು ಕಾಯಬೇಕು. ನಮ್ಮಲ್ಲಿ ಹೆರಿಗೆಗೆ ತವರಿಗೆ ಕರೆತರುತ್ತಾರೆ. ಅಲ್ಲಿ ಹೆರಿಗೆಗೆಂದು ತವರೂ ಅತ್ತೆಮನೆಯೂ ಎರಡನ್ನೂ ಬಿಟ್ಟು ಹೊರಡಬೇಕು.

ಹಡಗಿನ ಅಟ್ಟದ ಮೇಲೆ

ಇಷ್ಟು ಕಷ್ಟದ ಜಾಗದಲ್ಲಿ ಜನ ಹೇಗೆ ಬಂದು ನೆಲೆಸಿದರು ಎಂದು ನೀವು ಕೇಳಬಹುದು. ಹುಡುಗನೂ ಕೇಳಿದ. ಉತ್ತರ ಇಷ್ಟೇ: ಬಂದು ನೆಲೆಸಲಿಲ್ಲ, ತಂದು ಇಳಿಸಿದರು.

1953ರವರೆಗೆ ರೆಸೊಲ್ಯೂಟಿನಲ್ಲಿ ಇದ್ದದ್ದು 1947ರಲ್ಲಿ ಕೆನಡಾ ಮತ್ತು ಅಮೆರಿಕಗಳು ಕೂಡಿ ಕಟ್ಟಿದ ಹವಾಮಾನ ಕೇಂದ್ರ ಮತ್ತು ವಾಯುಪಡೆಯ ನೆಲೆ. ಗ್ರೀಸ್ ಫಿಯರ್ಡಿನ ಕಡೆ, ಕ್ರೇಗ್ ಹಾರ್ಬರ್ ಎಂಬಲ್ಲಿ, ಒಂದು ಪೊಲೀಸು ಠಾಣೆ. ಆ ವರ್ಷ ಜುಲೈಯಲ್ಲಿ ಸರ್ಕಾರದ ‘ಸಿ. ಡಿ. ಹೌ’ ಎಂಬ ಹಡಗು ದಕ್ಷಿಣಕ್ಕೆ, ಕ್ವಿಬೆಕ್ ಪ್ರಾಂತದ ಇನುಕ್‌ಜುವಾಕ್ ಎಂಬ ಊರಿಗೆ ಹೋಗಿ ಏಳು ಇನುಯಿಟ್ ಕುಟುಂಬಗಳನ್ನು ಹತ್ತಿಸಿಕೊಂಡಿತು. ಇನುಕ್‌ಜುವಾಕ್ ಎಂದರೆ 1922ರ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಹೆಸರಾಂತ ಚಲನಚಿತ್ರ ತಯಾರಾದ ಸೀಮೆ. ಹೊಸ ಜಾಗದಲ್ಲಿ ಬೇಟೆ ಹೇರಳ, ಬಾಳು ಹಸನಾಗುತ್ತದೆ, ಮನಸ್ಸು ಒಗ್ಗದಿದ್ದರೆ ಎರಡು ವರ್ಷದಲ್ಲಿ ಹಿಂದಿರುಗಬಹುದು ಎಂಬ ಮಾತು ಕೊಟ್ಟಿದ್ದರು. ಆ ಹಿಮದ ಬಾಳುವೆಯನ್ನು ಕಲಿಸಿಕೊಡಲೆಂದು ಪಾಂಡ್ ಇನ್ಲೆಟ್ ಎಂಬ ಊರಿನಿಂದ ಇನ್ನೂ ಮೂರು ಕುಟುಂಬಗಳನ್ನು ಕೂಡಿಸಿಕೊಂಡರು.

ತಮ್ಮೆಲ್ಲರನ್ನೂ ಒಂದೇ ಊರಿಗೆ ಒಯ್ಯುತ್ತಾರೆಂದು ಆ ಜನ ನಂಬಿದ್ದರು. ಕೆಲವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಎಂಬ ಸಂಗತಿ ಅವರಿಗೆ ತಿಳಿದದ್ದು ಹಡಗಿನಲ್ಲಿಯೇ, ದಾರಿ ಮುಗಿಯುವ ಹೊತ್ತಿಗೆ. ಬಂಧುಗಳಿಂದ ಬಂಧುಗಳನ್ನು ಅಲ್ಲಿಯೇ ಬಿಡಿಸಿದರು. ಆಗ ಐದಾರು ವರ್ಷದ ಹುಡುಗನಾಗಿದ್ದು ಮುಂದೆ ನುನಾವುಟ್ ಪ್ರಾಂತದ ಸ್ಥಾಪನೆಗೆ ದುಡಿದ ಜಾನ್ ಅಮಗೊವಾಲಿಕ್ ಅವರು ಆ ಗಳಿಗೆಯನ್ನು ನೆನೆದು ಹೇಳಿದ್ದಾರೆ: ಹೆಂಗಸರು ಅಳತೊಡಗಿದರು, ಅದನ್ನು ಕೇಳಿ ಹಡಗಿನಲ್ಲಿದ್ದ ನಾಯಿಗಳೂ ಊಳಿಡತೊಡಗಿದವು.

ಇನುಕ್‌ಜುವಾಕ್‌ನಿಂದ ಹೊಸ ಜಾಗ ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ. ತವರಿನಲ್ಲಿ ಚಳಿಗಾಲದಲ್ಲೂ ಹಗಲಿತ್ತು. ಇಲ್ಲಿ ನವೆಂಬರಿನಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿಯಲ್ಲಿ. ಮೊದಲ ಚಳಿಗಾಲ ಡೇರೆಗಳಲ್ಲಿ ಕಳೆಯಿತು. ಶಾಲೆಯಿಲ್ಲ. ಕಸ್ತೂರಿ ಎತ್ತನ್ನು ಕೊಲ್ಲಬಾರದೆಂದು ಕಾನೂನು. ಕೌಸುಯಿತ್ತೂಕ್, ಔಜುಯಿತ್ತೂಕ್ ಎಂಬ ಹೆಸರುಗಳಲ್ಲಿ ನಮಗೆ ಕೇಳಿಸಿದ ಬೆರಗು ಹೊಸಬರ ಬೆರಗೇ ಇರಬೇಕೆಂದು ಈಗ ತೋರುತ್ತದೆ. ಗ್ರೀಸ್ ಫಿಯರ್ಡಿನ ಹಿರಿಯರಾದ ಲ್ಯಾರಿ ಔಡ್ಲಾಲುಕ್ ಅವರು ಮೂರು ವರ್ಷ ತುಂಬುವ ಮುಂಚೆ ಅಲ್ಲಿಗೆ ಬಂದವರು. ಬಂದು ವರ್ಷ ತುಂಬುವುದರೊಳಗೆ ಅವರ ತಂದೆ ತೀರಿಕೊಂಡರು. 2020ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ಅವರು ಈ ಎಲ್ಲವನ್ನೂ ಬರೆದಿದ್ದಾರೆ.

1955ರಲ್ಲಿ ಇನ್ನಷ್ಟು ಕುಟುಂಬಗಳನ್ನು ತಂದರು. ಎರಡು ವರ್ಷದಲ್ಲಿ ಹಿಂದಿರುಗಿಸುವ ಮಾತು ಮಾತಾಗಿಯೇ ಉಳಿಯಿತು. ಅಂದು ಈ ಎರಡು ಊರುಗಳ ನಡುವೆ ಬಂಧುಗಳಿಗೆ ಒದಗುವ ವಿಮಾನವಿರಲಿಲ್ಲ, ನಾಯಿಗಳ ಜಾರುಬಂಡಿಯೊಂದೇ. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ; ನಡುವೆ ಅದೇ 385 ಕಿಲೋಮೀಟರ್.

ಏಕೆ ಹೀಗೆ ಮಾಡಿದರು? ಬೇಟೆಯ ಅನುಕೂಲಕ್ಕೆ ಎಂದು ಸರ್ಕಾರ ಬಹುಕಾಲ ಹೇಳಿತು. ಆಗ ರಷ್ಯ ಮತ್ತು ಅಮೆರಿಕಗಳ ಮಧ್ಯೆ ಹಗೆತನ ಕಾವೇರಿದ್ದ ಕಾಲ; ಆ ಒಂಟಿ ದ್ವೀಪಗಳು ಕೆನಡಾದವೆಂದು ತೋರಿಸಲು ಅಲ್ಲಿ ಕೆನಡಾದ ಪ್ರಜೆಗಳು ಬೇಕಾಗಿದ್ದರು, ತಮ್ಮನ್ನು ಬಾವುಟದ ಕಂಬಗಳಂತೆ ನೆಟ್ಟರು ಎಂದು ಇನುಯಿಟರು ಹೇಳಿದರು. 1994ರಲ್ಲಿ ರಾಯಲ್ ಕಮಿಷನ್ ಎಲ್ಲರ ಮಾತನ್ನೂ ಕೇಳಿ, ನಡೆದದ್ದು ಅನ್ಯಾಯವೆಂದೂ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಡಬೇಕೆಂದೂ ವರದಿ ಕೊಟ್ಟಿತು. 1996ರಲ್ಲಿ ಒಂದು ಕೋಟಿ ಡಾಲರಿನ ನಿಧಿ ಬಂದಿತು, ಕ್ಷಮೆ ಬರಲಿಲ್ಲ. ಅದು ಬಂದದ್ದು 2010ರ ಆಗಸ್ಟ್ 18ರಂದು. ಮಂತ್ರಿ ಜಾನ್ ಡಂಕನ್ ಇನುಕ್‌ಜುವಾಕ್‌ಗೆ ಹೋಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಹಡಗು ಹೊರಟು ಅಷ್ಟರಲ್ಲಿ 57 ವರ್ಷ ಕಳೆದಿತ್ತು.

ಅಷ್ಟರೊಳಗೆ ಕೆಲವರು ತವರಿಗೆ ಮರಳಿದ್ದರು. ಮತ್ತೆ ಕೆಲವರಿಗೆ ಮರಳುವುದೂ ಕಷ್ಟವೇ ಆಗಿತ್ತು. ತಂದೆತಾಯಿಯರ ಗೋರಿಗಳು ಉತ್ತರದಲ್ಲಿ, ಮಕ್ಕಳು ಹುಟ್ಟಿದ್ದು ಉತ್ತರದಲ್ಲಿ. ಊರು ಯಾವುದು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳಲಾರದ ಸ್ಥಿತಿ ನಮ್ಮ ಮನೆಗಳಲ್ಲಿಯೂ ಇಲ್ಲವೆ? ಆದರೆ ಒಂದು ದೊಡ್ಡ ಅಂತರವನ್ನು ಮರೆಯಬಾರದು. ನಾವು ನೌಕರಿಗೋ ವ್ಯಾಪಾರಕ್ಕೋ ನಮ್ಮ ಕೈಯಿಂದಲೇ ಟಿಕೀಟು ಕೊಂಡು ಬಂದವರು. ಹಿಂದಿರುಗುವ ಟಿಕೀಟೂ ನಮ್ಮ ಕೈಯಲ್ಲೇ ಇದೆ, ಹಬ್ಬದ ನೂಕುನುಗ್ಗಲಿನಲ್ಲಿ ಅದು ಸಿಗಲಿ ಬಿಡಲಿ. ಅವರ ಕೈಯಲ್ಲಿ ಟಿಕೀಟು ಇರಲಿಲ್ಲ.

ಎರಡು ಕಲ್ಲಿನ ಮೂರ್ತಿ

2010ರಲ್ಲಿಯೇ ಎರಡೂ ಊರುಗಳಲ್ಲಿ ಒಂದೊಂದು ಸ್ಮಾರಕವನ್ನು ಕಡೆದು ನಿಲ್ಲಿಸಿದರು. ಗ್ರೀಸ್ ಫಿಯರ್ಡಿನದನ್ನು ಕಡೆದವರು ಲೂಟಿ ಪಿಜಮಿನಿ. ಒಬ್ಬ ಹೆಂಗಸು, ಪಕ್ಕದಲ್ಲಿ ಚಿಕ್ಕ ಹುಡುಗ, ಒಂದು ನಾಯಿ. ಹೆಂಗಸು ರೆಸೊಲ್ಯೂಟಿನ ದಿಕ್ಕಿಗೆ ನೋಡುತ್ತಿದ್ದಾಳೆ. ರೆಸೊಲ್ಯೂಟಿನದನ್ನು ಕಡೆದವರು ಸಿಮಿಯೋನಿ ಅಮಗೊವಾಲಿಕ್. ಅಲ್ಲಿ ಒಬ್ಬ ಗಂಡಸು ಒಂಟಿಯಾಗಿ ನಿಂತು ಗ್ರೀಸ್ ಫಿಯರ್ಡಿನ ದಿಕ್ಕಿಗೆ ನೋಡುತ್ತಿದ್ದಾನೆ. ಅವರಿಬ್ಬರ ನೋಟ ಸಾಗಬೇಕಾದ ದಾರಿ ಟ್ವಿನ್ ಆಟರ್ ಹಾರುವ ದಾರಿಯೇ.

ಮುಂದಿನ ಭಾನುವಾರ ಹುಡುಗ ಬಂದಾಗ ಕಿತ್ತಳೆ ಹಣ್ಣನ್ನು ಸುಲಿದು ಲೆಕ್ಕ ತೋರಿಸಿದೆವು. ಆಮೇಲೆ ಹಡಗಿನ ಕಥೆಯನ್ನೂ, ಮೂರ್ತಿಗಳ ಕಥೆಯನ್ನೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾ, ಶಾಲೆಯಲ್ಲಿ ಎಷ್ಟು ದೂರ ಅಂತ ಬರೀಲಿ?” ಎಂದು ಕೇಳಿದ.

“385 ಅಂತಲೇ ಬರಿ, ಅದು ಸರಿಯಾದ ಉತ್ತರ,” ಎಂದೆವು. “ಆದರೆ ಕೆಳಗೆ ಆ ಹಡಗಿನ ಸಂಗತಿಯನ್ನೂ ಬರಿ.”

ಹುಡುಗ ಬರೆದುಕೊಂಡ. ಹೋಗುವ ಮುಂಚೆ ದಾರವನ್ನು ನಕ್ಷೆಯ ಮೇಲೆ ಇನ್ನೊಮ್ಮೆ ಇಟ್ಟು, ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹಿಡಿದು ನೋಡಿದ. ಆಮೇಲೆ ಅದನ್ನು ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ.